ಮೊದಲು ಕೂಗು, ಆಮೇಲೆ ಟ್ರಂಪೆಟ್

ಭಾನುವಾರ ಬೆಳಿಗ್ಗೆ ಪೀಪಿಗೆ ಎಚ್ಚರವಾದಾಗ ಬೆಕ್ಕು ಅವನ ಎದೆಯ ಮೇಲೆ ಕೂತು ಮುಖವನ್ನೇ ನೋಡುತ್ತಿತ್ತು.

"ಇದಾನೋ ಹೋದನೋ ಅಂತ ನೋಡ್ತಿದೀಯಾ? ಇದೀನಿ ಕಣೋ, ಏನ್ಮಾಡೋದು," ಎಂದ.

ಉತ್ತರ ಸಿಕ್ಕಿತು ಎನ್ನುವಂತೆ ಬೆಕ್ಕು ಕೆಳಗಿಳಿದು, ಬಾಲ ಎತ್ತಿಕೊಂಡು ಅಡುಗೆಮನೆಯತ್ತ ನಡೆಯಿತು. ಅದರ ಹೆಸರು ಮ್ಯಾನೇಜರ್. ದಿನಕ್ಕೊಮ್ಮೆ ಮನೆಯ ಮೂಲೆಮೂಲೆಯನ್ನೂ ಮೂಸಿ ನೋಡಿ, ಯಾವುದೂ ಸರಿಯಿಲ್ಲವೆಂಬ ಮುಖ ಮಾಡಿ, ಕಡ್ಡಿಯಷ್ಟು ಕೆಲಸವನ್ನೂ ಮಾಡದೆ ಮಲಗಿಬಿಡುತ್ತಿದ್ದ ಆ ಪ್ರಾಣಿಗೆ ಪೀಪಿಯ ಹೆಂಡತಿ ಇಟ್ಟ ಹೆಸರು ಅದು. ಈಗ ಅದಕ್ಕೂ ವಯಸ್ಸಾಗಿತ್ತು. ಕಿಟಕಿಯ ಕಟ್ಟೆಗೆ ಹಾರುವ ಮೊದಲು ಎರಡು ಸಲ ಯೋಚಿಸುತ್ತಿತ್ತು.

ಪೀಪಿ ಎನ್ನುವುದೂ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸರ್ಕಸ್ ಕಂಪನಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವನಿಗೆ ಅಲ್ಲಿನ ಅಡುಗೆಯವಳು ಕೊಟ್ಟದ್ದು. "ಆ ಪೀಪಿಯವನಿಗೆ ಇನ್ನೊಂದು ಸೌಟು ಹಾಕಿ, ಊದಿ ಊದಿ ಹೊಟ್ಟೆ ಬೆನ್ನಿಗಂಟಿದೆ" ಎಂದು ಅವನು ಸೇರಿದ ಮೊದಲ ದಿನವೇ ಅವಳು ಅಂದಿದ್ದಳು. ಆನೆ ನೋಡಿಕೊಳ್ಳುವವನಿಂದ ಹಿಡಿದು ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತುಹೋಯಿತು. ತಂಬು ಮಡಚಿ, ಪ್ರಾಣಿಗಳನ್ನು ಮಾರಿ, ಕಂಪನಿಯೇ ಕರಗಿಹೋದ ಮೇಲೂ ಹೆಸರು ಮಾತ್ರ ಅವನ ಹಿಂದೆಯೇ ಬಂತು. ಮೇಲ್ದುಟಿಯ ನಡುವೆ ಉಂಗುರದಂಥ ಒಂದು ಗುರುತು ಉಳಿದಿತ್ತು. ಅಷ್ಟು ವರ್ಷ ಹಿತ್ತಾಳೆ ಒತ್ತಿ ಒತ್ತಿ ಆದದ್ದು. ಗಡ್ಡ ಬೋಳಿಸುವಾಗ ಬೆರಳಿಗೆ ಇನ್ನೂ ತಗಲುತ್ತಿತ್ತು.

ಮನೆಯೆಂದರೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಮೇಲಿನ ಒಂದು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ವಾರವಿಡೀ ಕೆಳಗಿನಿಂದ ಹಬೆ, ಸೋಪಿನ ವಾಸನೆ, ಯಂತ್ರದ ಗಡಗಡ. ಭಾನುವಾರ ಮಾತ್ರ ಅಂಗಡಿ ಮುಚ್ಚಿರುತ್ತಿತ್ತು. ಉಳಿದವರಿಗೆ ಅದು ನೆಮ್ಮದಿಯ ದಿನ. ಪೀಪಿಗೆ ವಾರದಲ್ಲಿ ಅದೊಂದೇ ದಿನ ತಳ್ಳುವುದು ಕಷ್ಟ. ಗದ್ದಲವಿದ್ದರೆ ತಲೆ ಅದರ ಜೊತೆ ಹೋಗುತ್ತದೆ. ಸದ್ದಿಲ್ಲದಿದ್ದರೆ ಎಲ್ಲಿಗೆ ಹೋಗಬೇಕು?

ಕೋಣೆಯಲ್ಲಿ ಎರಡು ಮಂಚ. ಒಂದು ಮರದ್ದು, ಅವನದು. ಇನ್ನೊಂದು ಕಬ್ಬಿಣದ್ದು, ತಲೆಯ ಕಡೆ ಎತ್ತಲು ಹಿಡಿಕೆಯಿದ್ದದ್ದು, ಆಸ್ಪತ್ರೆಯೊಂದು ಹಳೆಯ ಸಾಮಾನು ವಿಲೇವಾರಿ ಮಾಡಿದಾಗ ಹೊತ್ತು ತಂದದ್ದು. ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಹೆಂಡತಿ ತೀರಿಕೊಂಡಾಗಿನಿಂದ ಅದರ ಮೇಲಿನ ಹಾಸಿಗೆಯನ್ನು ಅವನು ಸುತ್ತಿಟ್ಟಿರಲಿಲ್ಲ. ಬೆಕ್ಕು ಅದರ ಮೇಲೆ ಮಲಗುತ್ತದೆ ಎಂಬುದು ನೆಪ.

ಹಾಲು ಕಾಯಿಸಿದ. ಬೆಕ್ಕಿನ ತಟ್ಟೆಗೆ ಸುರಿದ. ಅದು ಎರಡು ಗುಟುಕು ನೆಕ್ಕಿ ಬಿಟ್ಟಿತು. ತಾನೂ ಬ್ರೆಡ್ಡಿನ ತುಂಡೊಂದನ್ನು ಚಹಾದಲ್ಲಿ ಅದ್ದಿದ. ಅದು ಮೆತ್ತಗಾಗಿ ಲೋಟದೊಳಗೇ ಬಿತ್ತು. ತೆಗೆಯಲು ಮನಸ್ಸಾಗದೆ ಲೋಟವನ್ನು ಹಾಗೇ ಇಟ್ಟ. ರೇಡಿಯೋ ಹಾಕಿದ. ಯಾರೋ ಪಿಟೀಲು ಬಾರಿಸುತ್ತಿದ್ದರು, ನಿಧಾನವಾಗಿ, ಉದ್ದುದ್ದ ಎಳೆಯುತ್ತ. ಅವನಿಗೆ ಪಿಟೀಲಿನವರನ್ನು ಕಂಡರೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅವರು ನುಡಿಸುವಾಗ ಉಸಿರಾಡಬಹುದು.

ಸರ್ಕಸ್ಸಿನಲ್ಲಿ ಬ್ಯಾಂಡಿನ ಜಾಗ ಬಾಗಿಲಿನ ಮೇಲಿನ ಅಟ್ಟಣಿಗೆ. ಅಲ್ಲಿಂದ ಇಡೀ ಅಖಾಡ ಕಾಣುತ್ತಿತ್ತು: ಮರಳು ಹಾಸಿದ ವೃತ್ತ, ಅದರ ಸುತ್ತ ಮರದ ಕಟ್ಟೆ, ಮೇಲೆ ತಂಬಿನ ನೆತ್ತಿಯಲ್ಲಿ ತೂಗುವ ಉಯ್ಯಾಲೆಗಳು. ಉಯ್ಯಾಲೆಯ ಆಟದ ಹುಡುಗಿಯನ್ನು ರಿಂಗ್ ಮಾಸ್ತರು 'ಗಾಳಿಪಟ' ಎಂದು ಕೂಗಿ ಕರೆಯುತ್ತಿದ್ದರು. ಬೆಳ್ಳಿ ಬಣ್ಣದ ಉಡುಪು ತೊಟ್ಟು ಏಣಿ ಹತ್ತುವ ಆ ಹುಡುಗಿಯನ್ನು ನೋಡುತ್ತ ಪೀಪಿ ಮೊದಲ ವಾರವೇ ತಪ್ಪು ಸ್ವರ ಊದಿ ಬ್ಯಾಂಡ್ ಮಾಸ್ತರರಿಂದ ಬೈಸಿಕೊಂಡ.

ಆ ಆಟಕ್ಕೊಂದು ಕ್ರಮವಿತ್ತು. ಡ್ರಮ್ಮು ಸಣ್ಣಗೆ ಶುರುವಾಗಿ ಏರಬೇಕು. ಅವಳು ಜೀಕಿ ಜೀಕಿ ತುತ್ತತುದಿಗೆ ಹೋದಾಗ "ಹೋ!" ಎಂದು ಒಂದೇ ಒಂದು ಕೂಗು ಹಾಕಿ ಉಯ್ಯಾಲೆ ಬಿಡುತ್ತಾಳೆ. ಆ ಕೂಗು ಕಿವಿಗೆ ಬಿದ್ದ ತಕ್ಷಣ ಟ್ರಂಪೆಟ್ ಒಂದು ಎತ್ತರದ ಸ್ವರ ಹಿಡಿದು, ಎದುರಿನ ಉಯ್ಯಾಲೆಯಲ್ಲಿ ತಲೆಕೆಳಗಾಗಿ ತೂಗುವವನು ಅವಳ ಕೈ ಹಿಡಿಯುವ ತನಕ ಬಿಡಬಾರದು. ಮೊದಲು ಕೂಗು, ಆಮೇಲೆ ಟ್ರಂಪೆಟ್. ಒಮ್ಮೆ ಅವನು ಆತುರಪಟ್ಟು ಮೊದಲೇ ಊದಿದ್ದಕ್ಕೆ ಅವಳು ಆಟ ಮುಗಿದ ಮೇಲೆ ಅಟ್ಟಣಿಗೆಯ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ, ನಾನು ನಿಮ್ಮ ಪೀಪಿ ಕೇಳ್ಕೊಂಡು ಹಾರ್ಬೇಕಾ? ನಾನು ಹಾರಿದ ಮೇಲೆ ನೀವು ಊದಿ. ಇಲ್ದಿದ್ರೆ ಬನ್ನಿ, ನೀವೇ ಹಾರಿ, ಕೆಳಗೆ ನಾನು ಊದ್ತೀನಿ."

"ನಾನು ಹಾರಿದ್ರೆ ಹಿಡಿಯೋರು ಯಾರಮ್ಮ?"

"ಯಾರೂ ಇಲ್ಲ. ಅದಕ್ಕೇ ಹೇಳಿದ್ದು, ನನಗೆ ಕಾಯಿರಿ ಅಂತ."

ಅವನು ಕಾದ. ಮುಂದಿನ ವರ್ಷ ಅವರು ಮದುವೆಯಾದರು. ಮಕ್ಕಳಾಗಲಿಲ್ಲ. ತಂಬಿನ ಹಿಂದಿನ ಒಂದು ಗಾಡಿಯೇ ಮನೆ, ಎರಡು ಪೆಟ್ಟಿಗೆಯೇ ಆಸ್ತಿ. ದಿನಕ್ಕೆ ಎರಡು ಆಟ, ಎರಡು ಸಲವೂ ಅವಳ ಕೂಗಿಗಾಗಿ ಅವನು ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದ. ಅವಳ ಪ್ರಾಣ ಅಷ್ಟು ಹೊತ್ತು ತನ್ನ ಉಸಿರಿನ ಮೇಲೆ ನಿಂತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಂಪನಿಯ ಜೋಕರ್ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದ.

ಅವಳು ಬಿದ್ದದ್ದು ಮಧ್ಯಾಹ್ನದ ಆಟದಲ್ಲಿ. ಅಂದು ಸೆಕೆ ವಿಪರೀತ. ಹಿಡಿಯುವವನ ಕೈ ಬೆವೆತಿತ್ತು. ಅವಳು ಕೂಗಿದಳು, ಪೀಪಿ ಸ್ವರ ಹಿಡಿದ, ಎದುರಿನವನ ಕೈಗೆ ಅವಳ ಕೈ ಸಿಕ್ಕಿಯೂ ಜಾರಿತು. ಕೆಳಗೆ ಬಲೆಯಿತ್ತು. ಆದರೆ ಬಿದ್ದದ್ದು ಬಲೆಯ ಅಂಚಿಗೆ. ಒಂದು ಕಡೆಯ ಹಗ್ಗ ಸಡಿಲವಾಗಿತ್ತೋ ಏನೋ, ಬಲೆ ಅವಳನ್ನು ಹೊರಕ್ಕೆ ಎಸೆಯಿತು. ಬೆನ್ನು ಹೋಗಿ ಮರದ ಕಟ್ಟೆಗೆ ಬಡಿಯಿತು. ಅವನ ತುಟಿಯಲ್ಲಿ ಆ ಎತ್ತರದ ಸ್ವರ ಇನ್ನೂ ಹಾಗೇ ಇತ್ತು.

ಎಲ್ಲ ಸರ್ಕಸ್ಸಿನಲ್ಲೂ ಇರುವ ನಿಯಮ ಒಂದೇ. ಯಾರಾದರೂ ಬಿದ್ದರೆ ಬ್ಯಾಂಡು ನಿಲ್ಲಬಾರದು. ನಿಂತರೆ ಜನಕ್ಕೆ ಗಾಬರಿಯಾಗುತ್ತದೆ, ಎದ್ದು ಓಡುತ್ತಾರೆ, ಹೆಂಗಸರು ಮಕ್ಕಳು ಕಾಲಿಗೆ ಸಿಕ್ಕುತ್ತಾರೆ. ಆದ್ದರಿಂದ ತಕ್ಷಣ ಕುಣಿಯುವಂಥ ಮಾರ್ಚ್ ಶುರುಮಾಡಬೇಕು, ಜೋಕರುಗಳು ಬಿದ್ದೆದ್ದು ಓಡಿ ಬರಬೇಕು. ಬ್ಯಾಂಡ್ ಮಾಸ್ತರು "ಮಾರ್ಚ್! ಮಾರ್ಚ್!" ಎಂದು ಕಿರುಚಿದರು. ಪೀಪಿ ಅದೇ ಉಸಿರಿನಲ್ಲಿ, ಆ ಎತ್ತರದ ಸ್ವರದಿಂದಲೇ ಮಾರ್ಚಿಗೆ ಇಳಿದ. ಕೆಳಗೆ ನಾಲ್ಕು ಜನ ಅವಳನ್ನು ಹಲಗೆಯ ಮೇಲೆ ಎತ್ತುತ್ತಿದ್ದರು. ಅವಳ ಒಂದು ಕೈ ಮರಳಿನ ಮೇಲೆ ಗೆರೆ ಎಳೆಯುತ್ತ ಹೋಯಿತು. ಅವನು ಊದುತ್ತಲೇ ಇದ್ದ. ಹಲಗೆ ಪರದೆಯ ಹಿಂದೆ ಹೋಗುವ ತನಕ, ಜನ ನಗತೊಡಗುವ ತನಕ, ಮಾಸ್ತರು ಕೈ ಇಳಿಸುವ ತನಕ.

ಸೊಂಟದ ಕೆಳಗೆ ಜೀವ ಬರಲಿಲ್ಲ. ಅವಳನ್ನು ಅವಳ ಅಕ್ಕ ಕರೆದುಕೊಂಡು ಹೋಗಿ ವರ್ಷದ ಮಟ್ಟಿಗೆ ನೋಡಿಕೊಂಡಳು. ಪೀಪಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕಂಪನಿಯ ಜೊತೆ ಊರೂರು ತಿರುಗುವ ಇನ್ನೊಂದು ಸುತ್ತು ಹೋಗಿ ಬಂದ. ಬಂದವನು ಟ್ರಂಪೆಟ್ಟನ್ನು ಯಾರಿಗೋ ಕೊಟ್ಟು, ಒಂದು ಗೋದಾಮಿನಲ್ಲಿ ಕಾವಲು ಕೆಲಸ ಹಿಡಿದು, ಈ ಕೋಣೆ ಮಾಡಿ, ಅವಳನ್ನು ಕರೆತಂದ. ಅಲ್ಲಿಂದ ಮುಂದೆ ಅವಳಿಗೆ ಮೈ ತೊಳೆಸುವುದು, ಮಗ್ಗುಲು ಬದಲಿಸುವುದು, ತಲೆ ಬಾಚುವುದು ಎಲ್ಲ ಅವನದೇ.

ಬೆಕ್ಕು ಬಂದದ್ದು ಕೆಳಗಿನ ಅಂಗಡಿಯ ತಗಡಿನ ಮಾಡು ಹತ್ತಿ, ಕಿಟಕಿಯಿಂದ. ಮರಿಯಾಗಿದ್ದಾಗಲೇ ಅದು ಅವಳ ಕಾಲುಗಳನ್ನು ತನ್ನ ಜಾಗ ಮಾಡಿಕೊಂಡಿತು. ಅವಳಿಗೆ ಭಾರವೂ ತಿಳಿಯುತ್ತಿರಲಿಲ್ಲ, ಬಿಸಿಯೂ ತಿಳಿಯುತ್ತಿರಲಿಲ್ಲ.

"ರೀ, ಮ್ಯಾನೇಜರ್ ಬಂದ್ನಾ? ಕಾಲ ಮೇಲೆ ಕೂತಿದಾನಾ?" ಎಂದು ಕೇಳುತ್ತಿದ್ದಳು.

"ಕೂತಿದಾನೆ. ಗೊರಕೆ ಹೊಡೀತಿದಾನೆ."

"ಹಾಗಾದ್ರೆ ನಾನು ಅಲ್ಲಾಡಲ್ಲ ಬಿಡಿ," ಎಂದು ನಗುತ್ತಿದ್ದಳು.

ಬಹಳ ವರ್ಷ ಆ ಮಧ್ಯಾಹ್ನದ ಮಾತು ಇಬ್ಬರೂ ಎತ್ತಲಿಲ್ಲ. ಒಂದು ದಿನ ಅವನು ಅವಳ ತಲೆ ಬಾಚುತ್ತಿದ್ದಾಗ, ಬೆನ್ನು ಅವನ ಕಡೆಗಿದ್ದಾಗ, ಅವಳೇ ಹೇಳಿದಳು.

"ಮರಳ ಮೇಲೆ ಬಿದ್ದೆನಲ್ಲ, ಆವಾಗ ನೋವೇ ಇರ್ಲಿಲ್ಲ ರೀ. ಎಲ್ಲಾ ದೂರ ದೂರ ಅನ್ನಿಸ್ತಿತ್ತು. ನಿಮ್ಮ ಟ್ರಂಪೆಟ್ ಒಂದೇ ಹತ್ತಿರದಲ್ಲಿ ಕೇಳ್ತಿತ್ತು. ನೀವು ನಿಲ್ಲಿಸ್ತೀರಿ ಅಂದ್ಕೊಂಡಿದ್ದೆ."

ಬಾಚಣಿಗೆ ಅವನ ಕೈಯಲ್ಲೇ ನಿಂತಿತು. "ನಿಲ್ಲಿಸಬಾರದಲ್ಲ. ಜನ..."

"ಗೊತ್ತು. ಹೊಸಬರಿಗೆ ನಾನೇ ಹೇಳಿಕೊಡ್ತಿದ್ದೆ, ಯಾರು ಬಿದ್ರೂ ಬ್ಯಾಂಡು ನಿಲ್ಲಲ್ಲ ಅಂತ. ಸುಮ್ನೆ ಅಂದೆ. ಬಾಚಿ."

ಅವನು ಬಾಚಿದ. ಸಿಕ್ಕೊಂದನ್ನು ಬಿಡಿಸುತ್ತ, "ಅವತ್ತಿಂದ ನಾನು ನುಡಿಸಿದ್ದೆಲ್ಲ ಬರೀ ಗಾಳಿ ಕಣೆ. ನೀನು ಮೇಲಿಲ್ಲದ ಮೇಲೆ ಅದರಲ್ಲಿ ಜೀವ ಎಲ್ಲಿಂದ ಬರ್ಬೇಕು? ಒಂದು ಸುತ್ತು ಹೇಗೋ ಊದಿದೆ, ಬಿಟ್ಟೆ," ಎಂದ.

ಅವಳು ಕೈ ಹಿಂದಕ್ಕೆ ಚಾಚಿ ಅವನ ಮುಂಗೈ ಹಿಡಿದುಕೊಂಡಳು. ಆಮೇಲೆ ಸಾಯುವ ತನಕ ಆ ಮಾತು ಬರಲಿಲ್ಲ. ಅವಳಿಗೆ ಆ ಮಾತಿನಿಂದ ಸಮಾಧಾನವಾಯಿತೆಂದು ಪೀಪಿ ನಂಬಿದ್ದ. ತಾನು ಹೇಳಿದ್ದು ನಿಜವೆಂದೂ ನಂಬಿದ್ದ. ಅವಳು ಹೋದ ಮೇಲೆ ಈ ಕೋಣೆಯಲ್ಲಿ ಒಬ್ಬನೇ ಕೂತು ದಿನ ತಳ್ಳುವುದಕ್ಕೆ ಅವನಿಗಿದ್ದ ಆಧಾರ ಅಷ್ಟೇ: ಅವಳು ಬಿದ್ದ ದಿನವೇ ನನ್ನ ಟ್ರಂಪೆಟ್ಟೂ ಸತ್ತಿತು.

ಹನ್ನೊಂದರ ಸುಮಾರಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬಾಗಿಲು ಬಡಿಯುವ ಮೊದಲೇ ಪೀಪಿಗೆ ಯಾರೆಂದು ಗೊತ್ತಾಯಿತು. ಕಂಪನಿಯ ಹಳೆಯ ಜೋಕರ್. ಈಗ ಮಗಳ ಮನೆಯಲ್ಲಿದ್ದ. ಎರಡು ಬಸ್ಸು ಬದಲಿಸಿ ಬಂದಿದ್ದ. ಕಿವಿಯಲ್ಲಿ ಯಂತ್ರ, ಕೈಯಲ್ಲಿ ಚೀಲ, ಮುಖದಲ್ಲಿ ಗುಟ್ಟು ಬಚ್ಚಿಟ್ಟುಕೊಂಡ ಮಗುವಿನ ಕಳೆ.

"ಲೋ ಪೀಪಿ, ಮೆಟ್ಟಿಲು ಮೊದ್ಲು ಇಷ್ಟಿದ್ವಾ, ಇಲ್ಲ ನನಗೋಸ್ಕರ ಹೊಸದಾಗಿ ಕಟ್ಟಿಸಿದೀಯಾ?"

"ಕೂತ್ಕೋ ಮಾರಾಯ. ಬೆಕ್ಕಿನ ಮೇಲೆ ಕೂರಬೇಡ."

"ಈ ಮ್ಯಾನೇಜರ್ ಇನ್ನೂ ರಿಟೈರ್ ಆಗಿಲ್ವಾ?" ಎನ್ನುತ್ತ ಜೋಕರ್ ಚೀಲಕ್ಕೆ ಕೈ ಹಾಕಿದ. ಹಳೆಯ ಟೇಪ್ ರೆಕಾರ್ಡರ್ ಹೊರಬಂತು, ಅದರ ಜೊತೆ ಮೇಲೇನೂ ಬರೆದಿಲ್ಲದ ಒಂದು ಕ್ಯಾಸೆಟ್ಟು. "ಮಗಳು ಪೆಟ್ಟಿಗೆಯನ್ನೆಲ್ಲಾ ಖಾಲಿ ಮಾಡು ಅಂತ ಪ್ರಾಣ ತಿಂತಿದ್ಲು. ತಳದಲ್ಲಿ ಇದು ಸಿಕ್ತು. ನಾನು ಅಟ್ಟಣಿಗೆ ಕೆಳಗೆ ಇಟ್ಟು ಆಟ ರೆಕಾರ್ಡ್ ಮಾಡ್ತಿರ್ಲಿಲ್ವೇನೋ? ನೆನಪಿದ್ಯಾ? ಹಾಕಿ ಕೇಳ್ದೆ. ಕೇಳಿದವನು ಅತ್ತುಬಿಟ್ಟೆ. ಮೊಮ್ಮಕ್ಕಳು ಅಜ್ಜನಿಗೆ ಏನೋ ಆಯ್ತು ಅಂತ ಓಡಿ ಬಂದ್ವು."

"ಏನಿದೆ ಅದರಲ್ಲಿ?"

"ತಂಗಿ ಇದಾಳೆ ಕಣೋ," ಎಂದ ಜೋಕರ್. ಪೀಪಿಯ ಹೆಂಡತಿಯನ್ನು ಅವನು ತಂಗಿಯೆಂದೇ ಕರೆಯುತ್ತಿದ್ದ. "ಅವಳ ಕೂಗು ಇದೆ."

ಪೀಪಿಯ ಹತ್ತಿರ ಅವಳ ಫೋಟೋಗಳು ಎರಡಿದ್ದವು, ಒಂದರಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಧ್ವನಿ ಎಲ್ಲಿಯೂ ಇರಲಿಲ್ಲ. ಧ್ವನಿ ಹೇಗಿತ್ತೆಂದು ಬೆಳಗಿನ ಜಾವ ನೆನಪಿಸಿಕೊಳ್ಳಲು ಹೋಗಿ ಎಷ್ಟೋ ಸಲ ಸೋತಿದ್ದ. ರೇಡಿಯೋ ಆರಿಸಿದ. ಕುರ್ಚಿ ಎಳೆದುಕೊಂಡು ಯಂತ್ರದ ಎದುರು ಕೂತ. ಮೊಣಕಾಲುಗಳ ಮೇಲೆ ಕೈ ಊರಿ, ಅಟ್ಟಣಿಗೆಯಲ್ಲಿ ಕೂರುತ್ತಿದ್ದಂತೆಯೇ.

ಜೋಕರ್ ಗುಂಡಿ ಒತ್ತಿದ. ಮೊದಲು ಬರೀ ಮರಳು ಸುರಿದಂಥ ಸದ್ದು. ಆಮೇಲೆ ಜನರ ಗಲಗಲ, ಎಲ್ಲೋ ಆನೆಯ ಗೆಜ್ಜೆ, ರಿಂಗ್ ಮಾಸ್ತರರ ಎಳೆದೆಳೆದು ಹೇಳುವ ದನಿ: "ಮಹನೀಯರೇ, ಮಹಿಳೆಯರೇ, ನೆಲದ ಹಂಗಿಲ್ಲದ ನಮ್ಮ ಗಾಳಿಪಟ!" ಚಪ್ಪಾಳೆ. ಡ್ರಮ್ಮು ಸಣ್ಣಗೆ ಶುರುವಾಯಿತು. ಏರಿತು. ಪೀಪಿ ತನಗರಿವಿಲ್ಲದೆ ಉಸಿರು ತುಂಬಿಕೊಂಡು ಕಾದ.

ಟ್ರಂಪೆಟ್ ಮೊಳಗಿತು. ಅದರ ಬೆನ್ನಿಗೇ "ಹೋ!" ಎಂಬ ಕೂಗು.

"ಕೇಳಿದ್ಯಾ? ಕೇಳಿದ್ಯಾ?" ಜೋಕರ್ ಅವನ ತೋಳು ಹಿಡಿದು ಅಲ್ಲಾಡಿಸಿದ. ಕಣ್ಣು ತುಂಬಿಕೊಂಡಿದ್ದವು. "ನೋಡು, ಬೆಕ್ಕಿಗೂ ಗೊತ್ತಾಗತ್ತೆ, ನೋಡು ಬೇಕಾದ್ರೆ."

ಬೆಕ್ಕು ಕಬ್ಬಿಣದ ಮಂಚದ ಮೇಲೆ ಸುರುಳಿ ಸುತ್ತಿಕೊಂಡಿತ್ತು. ಕಿವಿ ಕೂಡ ಆಡಿಸಲಿಲ್ಲ.

ಪೀಪಿ ಯಂತ್ರವನ್ನೇ ನೋಡುತ್ತಿದ್ದ. ಟ್ರಂಪೆಟ್ ಮೊದಲು ಬಂತು, ಕೂಗು ಆಮೇಲೆ. ಅವನ ಹೆಂಡತಿ ಒಂದು ದಿನವೂ ಟ್ರಂಪೆಟ್ಟಿಗೆ ಕಾದವಳಲ್ಲ. ಹಾಗೆ ಕಾಯುತ್ತಿದ್ದವಳು ಅವಳ ಜಾಗಕ್ಕೆ ಬಂದ ಹುಡುಗಿ. ಹದಿನೆಂಟೋ ಹತ್ತೊಂಬತ್ತೋ ವಯಸ್ಸು, ಮೇಲೆ ಹತ್ತಿದರೆ ಕಾಲು ನಡುಗುತ್ತಿತ್ತು. "ಅಣ್ಣ, ನೀವು ಮೊದ್ಲು ಊದಿ, ಆವಾಗ ನನಗೆ ಧೈರ್ಯ ಬರತ್ತೆ" ಎಂದು ಬೇಡಿಕೊಂಡಿದ್ದಳು. ಅವಳಿಗೂ ಅದೇ ಬೆಳ್ಳಿ ಉಡುಪು, ಸೊಂಟದ ಹತ್ತಿರ ಬಿಗಿ ಮಾಡಿ ಹೊಲಿದದ್ದು. ಅದೇ 'ಗಾಳಿಪಟ' ಎಂಬ ಹೆಸರು. ಕಂಪನಿಗೆ ಹೆಸರು ಮುಖ್ಯ, ಯಾರು ಹಾರುತ್ತಾರೆನ್ನುವುದಲ್ಲ. ಜೋಕರ್ ಆ ಹೊತ್ತಿಗೆ ಯಾವಾಗಲೂ ಪರದೆಯ ಹಿಂದೆ ಬಣ್ಣ ಬಳಿದುಕೊಳ್ಳುವ ಗಡಿಬಿಡಿಯಲ್ಲಿರುತ್ತಿದ್ದ. ಅವನಿಗೆ ಈ ವ್ಯತ್ಯಾಸ ಗೊತ್ತಿರುವ ದಾರಿಯೇ ಇರಲಿಲ್ಲ.

ಅಂದರೆ ಇದು ಹೆಂಡತಿ ಬಿದ್ದ ಮೇಲಿನ ಆಟ. ಅವಳು ಅಕ್ಕನ ಮನೆಯ ಮೂಲೆಯಲ್ಲಿ ಮಾಡು ನೋಡುತ್ತ ಮಲಗಿದ್ದ ದಿನಗಳದ್ದು.

"ಅವಳೇ ತಾನೇ?" ಜೋಕರ್ ಕೇಳಿದ. ಅವನ ಮುಖದಲ್ಲಿ ಈಗ ಒಂದು ಅಳುಕು ಕಂಡಿತು.

ಅವಳು ಬಿದ್ದ ದಿನ ಅಖಾಡಕ್ಕೆ ಮೊದಲು ಓಡಿದವನು ಇವನೇ. ಬಕೆಟ್ಟು ತಲೆಗೆ ಸಿಕ್ಕಿಸಿಕೊಂಡು, ಹಲಗೆ ದಾಟುವ ತನಕ ಅದರ ಸುತ್ತಲೇ ಮತ್ತೆ ಮತ್ತೆ ಮುಗ್ಗರಿಸಿ ಬಿದ್ದವನು. "ಜನ ನನ್ನ ನೋಡಿ ನಕ್ಕರು ಕಣೋ, ತಂಗಿ ಅಲ್ಲಿ ಬಿದ್ದಿದ್ಲು, ಜನ ನಕ್ಕರು" ಎಂದು ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ಅತ್ತವನು. ಎರಡು ಬಸ್ಸು ಬದಲಿಸಿ ಬಂದಿದ್ದಾನೆ.

"ಅವಳೇ," ಎಂದ ಪೀಪಿ. "ಇನ್ಯಾರು?"

ಜೋಕರ್ ಮಧ್ಯಾಹ್ನದ ತನಕ ಕೂತ. ಸತ್ತವರ, ಇರುವವರ ಸುದ್ದಿ ಹೇಳಿದ. ಕುದುರೆಯಿಂದ ಬಿದ್ದು ಹಲ್ಲು ಮುರಿದುಕೊಂಡ ರಿಂಗ್ ಮಾಸ್ತರರ ಕತೆಯನ್ನು ಎಂದಿನಂತೆ ನಟಿಸಿ ತೋರಿಸಿದ. ಪೀಪಿ ನಗಬೇಕಾದಲ್ಲಿ ನಕ್ಕ. ಹೊರಡುವಾಗ ಯಂತ್ರವನ್ನೂ ಕ್ಯಾಸೆಟ್ಟನ್ನೂ ಜೋಕರ್ ಅಲ್ಲೇ ಬಿಟ್ಟ.

"ಇದು ಇರಬೇಕಾದ್ದು ನಿನ್ನ ಹತ್ರ. ಬೇಜಾರಾದಾಗ ಹಾಕ್ಕೊಂಡು ಕೇಳು. ಒಬ್ಬನೇ ಅನ್ನಿಸಲ್ಲ."

ಬಾಗಿಲು ಹಾಕಿಕೊಂಡು ಬಂದು ಪೀಪಿ ಮತ್ತೆ ಯಂತ್ರದ ಎದುರು ಕೂತ. ಹಾಕಬಾರದು ಎಂದುಕೊಂಡೇ ಹಾಕಿದ. ಈ ಸಲ ಕೂಗಿನ ಕಡೆ ಕಿವಿ ಕೊಡಲಿಲ್ಲ. ಟ್ರಂಪೆಟ್ ಕೇಳಿದ.

ಅವನು ಹುಡುಕುತ್ತಿದ್ದದ್ದು ಒಂದು ಬಿರುಕು. ಎಲ್ಲಾದರೂ ಸ್ವರ ನಡುಗಿರಬೇಕು, ಉಸಿರು ತುಂಡಾಗಿರಬೇಕು, ಕೊನೆಯ ಪಕ್ಷ ಸಪ್ಪೆಯಾಗಿರಬೇಕು. ಇರಲಿಲ್ಲ. ಸ್ವರ ಗಾಜಿನ ಹಾಗೆ ನೆಟ್ಟಗೆ ನಿಂತಿತ್ತು. ಹುಡುಗಿಯ ಕೈ ಎದುರಿನವನಿಗೆ ಸಿಕ್ಕಿ ಜನ ಚಪ್ಪಾಳೆ ತಟ್ಟಿದಾಗ, ಮಾಸ್ತರರು ಬರೆದಿಟ್ಟದ್ದರಲ್ಲಿ ಇಲ್ಲದ ಒಂದು ಸಣ್ಣ ತಿರುವನ್ನು ಟ್ರಂಪೆಟ್ ತಾನಾಗಿಯೇ ಸೇರಿಸಿತು, ಮಕ್ಕಳು ಮೆಟ್ಟಿಲಿಳಿಯುವಾಗ ಕೊನೆಯ ಎರಡು ಮೆಟ್ಟಿಲು ಹಾರಿ ಇಳಿಯುತ್ತಾರಲ್ಲ, ಹಾಗೆ. ಆ ತಿರುವು ಬೇಸರದಲ್ಲಿರುವ ಮನುಷ್ಯನಿಗೆ ಬರುವಂಥದ್ದಲ್ಲ. ನುಡಿಸಿದವನು ಖುಷಿಯಲ್ಲಿದ್ದ.

ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಮತ್ತೆ. ಪ್ರತಿ ಸಲವೂ ಅದು ಅಷ್ಟೇ ಚೆನ್ನಾಗಿತ್ತು.

ಹಾಗಾದರೆ ಬರೀ ಗಾಳಿ ಎಂದದ್ದು? ತಲೆ ಬಾಚುತ್ತ ಹೇಳಿದ್ದು, ಅವಳು ಕೈ ಹಿಡಿದುಕೊಂಡದ್ದು? ಅವನು ಬೇಕೆಂದು ಸುಳ್ಳು ಹೇಳಿರಲಿಲ್ಲ. ಆ ಸುತ್ತಿನ ದಿನಗಳನ್ನು ನೆನೆಸಿದರೆ ಅವನಿಗೆ ಕಾಣುತ್ತಿದ್ದದ್ದು ಬರೀ ಮಬ್ಬು, ಊಟ ಸೇರದ ಸಂಜೆಗಳು, ಖಾಲಿ ಗಾಡಿ. ಅವೂ ನಿಜವೇ ಇರಬೇಕು. ಆದರೆ ದಿನಕ್ಕೆರಡು ಸಲ ಅಟ್ಟಣಿಗೆ ಹತ್ತಿ ಕೂತಾಗ ಅವನು ಅವಳನ್ನು ಮರೆತಿದ್ದ. ಬೇರೆ ಹುಡುಗಿಗಾಗಿ ಅಷ್ಟೇ ಎತ್ತರಕ್ಕೆ, ಅಷ್ಟೇ ಉಸಿರಿಟ್ಟು ನುಡಿಸಿದ್ದ. ಅವಳ ಪ್ರಾಣ ನನ್ನ ಉಸಿರಿನ ಮೇಲೆ ನಿಂತಿತ್ತು ಎಂದುಕೊಂಡಿದ್ದವನ ಉಸಿರಿಗೆ ಉಯ್ಯಾಲೆಯಲ್ಲಿ ಯಾರಿದ್ದರೂ ನಡೆಯುತ್ತಿತ್ತು.

"ಏ, ಕೇಳಿಸ್ಕೊಂಡ್ಯಾ?" ಎಂದು ಕಬ್ಬಿಣದ ಮಂಚದ ಕಡೆ ತಿರುಗಿ ಕೇಳಿಯೇಬಿಟ್ಟ. ಬೆಕ್ಕು ಒಂದು ಕಣ್ಣು ತೆರೆದು, ತನ್ನನ್ನಲ್ಲವೆಂದು ತಿಳಿದು, ಮುಚ್ಚಿತು. ಕ್ಷಮಿಸು ಎನ್ನೋಣವೆಂದರೆ ಕೇಳುವವಳಿರಲಿಲ್ಲ. ಅವಳಿದ್ದಿದ್ದರೆ ಹೇಳುವ ಧೈರ್ಯ ಇರುತ್ತಿತ್ತೇ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಯಂತ್ರಕ್ಕೊಂದು ಕೆಂಪು ಗುಂಡಿಯಿತ್ತು. ಅದನ್ನು ಒತ್ತಿ ಬಿಟ್ಟರೆ ಸಾಕು, ಈ ಕೋಣೆಯ ಮೌನವೇ ಹಳೆಯದರ ಮೇಲೆ ತುಂಬಿಕೊಂಡು ಎಲ್ಲ ಅಳಿಸಿಹೋಗುತ್ತದೆ. ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ. ಒತ್ತಲಾಗಲಿಲ್ಲ. ಜೋಕರ್ ಕೇಳಿದರೆ ಏನು ಹೇಳುವುದು ಎಂಬುದು ಒಂದು ಕಾರಣ. ಇನ್ನೊಂದನ್ನು ಅವನು ತನಗೆ ತಾನೇ ಹೇಳಿಕೊಳ್ಳಲು ನಾಚಿದ. ಜೀವಮಾನವಿಡೀ ಊದಿದವನು ಊದಿದ್ದರಲ್ಲಿ ಉಳಿದದ್ದು ಇಷ್ಟೇ. ಅದು ಚೆನ್ನಾಗಿತ್ತು.

ಸಂಜೆಯವರೆಗೆ ಅವನು ಅಲ್ಲಿಂದ ಏಳಲಿಲ್ಲ. ಹಿತ್ತಿಲ ಗಲ್ಲಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆದರು. ಎದುರು ಮನೆಯವಳು ಒಣಗಿದ ಬಟ್ಟೆ ತೆಗೆದಳು. ಕೋಣೆಯ ಬೆಳಕು ಗೋಡೆ ಹತ್ತಿ, ಮಾಡು ಮುಟ್ಟಿ, ಹೋಯಿತು.

ಮುಂದೆ ಆದದ್ದು ಇಷ್ಟು. ಜೋಕರ್ ಬಾಯಿ ಕಟ್ಟಿಕೊಂಡು ಇರುವವನಲ್ಲ. ಕಂಪನಿಯ ಹಳಬರಲ್ಲಿ ಉಳಿದಿದ್ದವರಿಗೆಲ್ಲ ಸುದ್ದಿ ಮುಟ್ಟಿಸಿದ. ಒಬ್ಬೊಬ್ಬರಾಗಿ ಬಂದರು. ಬ್ಯಾಂಡಿನವರು ಅವರಲ್ಲಿ ಯಾರೂ ಉಳಿದಿರಲಿಲ್ಲ. ಬಂದವರೆಲ್ಲ ಕೇಳಿದರು, ಕಣ್ಣೊರೆಸಿಕೊಂಡರು, ಅವಳೇ ಅವಳೇ ಎಂದರು. ಕ್ಯಾಸೆಟ್ಟು ಹಾಕಿಕೊಟ್ಟು ಪೀಪಿ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದ. ಚಪ್ಪಾಳೆಯ ಸದ್ದು ಮುಗಿದ ಮೇಲೇ ಹೊರಗೆ ಬರುತ್ತಿದ್ದ.

ಕೊನೆಗೆ ಹೆಂಡತಿಯ ಅಕ್ಕ ಬಂದಳು. ಕೋಲು ಊರಿಕೊಂಡು, ಪ್ರತಿ ಮೆಟ್ಟಿಲಿಗೂ ನಿಂತು, ಹತ್ತಿ ಬಂದಳು. ಇವಳಿಗಾದರೂ ಹೇಳಿಬಿಡಬೇಕೆಂದು ಪೀಪಿ ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದ. ಆ ಒಂದು ವರ್ಷ ತಂಗಿಯ ಮಲಮೂತ್ರ ಬಳಿದವಳು, ಅವಳಿಗೆ ಸುಳ್ಳು ಕೇಳಿಸಬಾರದು. ಆದರೆ ಅವಳು ಕೂತವಳೇ, "ಹಾಕಪ್ಪ, ಎಷ್ಟು ದಿನ ಆಯ್ತು ಅವಳ ದನಿ ಕೇಳಿ," ಎಂದು ಸೆರಗಿನ ತುದಿ ಕೈಯಲ್ಲಿ ಹಿಡಿದು ಸಿದ್ಧವಾಗಿಬಿಟ್ಟಳು.

ಈ ಸಲ ಅಡುಗೆಮನೆಗೆ ಹೋಗಲಾಗಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಿದ್ದಳು.

ಮುಗಿದ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಎಷ್ಟು ಖುಷಿಯಾಗಿ ನುಡಿಸಿದೀಯಪ್ಪ," ಎಂದಳು. "ಅವಳು ಹೇಳ್ತಿದ್ಲು. ನಾನು ಮೇಲಿದ್ರೆ ಮಾತ್ರ ಅವರು ಹಾಗೆ ನುಡಿಸ್ತಾರೆ ಅಕ್ಕ, ಬೇರೆಯವರಿಗೆ ಅವರಿಗೆ ಬರೋದೇ ಇಲ್ಲ ಅಂತ. ಮಲಗಿದ ಜಾಗದಲ್ಲೇ ಹೇಳ್ತಿದ್ಲು. ಅದೊಂದನ್ನ ನೆನೆಸ್ಕೊಂಡೇ ಆ ವರ್ಷ ಕಳೆದ್ಲು. ಇವತ್ತು ನನ್ನ ಕಿವಿಯಾರೆ ಕೇಳ್ದೆ ಬಿಡು."

ಪೀಪಿ ಇನ್ನೊಂದು ಕೈಯಿಂದ ಯಂತ್ರ ಆರಿಸಿದ.

"ಹೌದಕ್ಕ," ಎಂದ.

"ಇದನ್ನ ನನಗೆ ಕೊಡ್ತೀಯಾ? ನನಗೆ ಇನ್ನೆಷ್ಟು ದಿನ. ನಾನು ಹೋದ ಮೇಲೆ ತಗೊಂಡ್ರಾಯ್ತು."

ಅವನು ಕ್ಯಾಸೆಟ್ಟು ತೆಗೆದು, ಒಂದು ಕಾಗದದಲ್ಲಿ ಸುತ್ತಿ, ಅವಳ ಕೈಚೀಲದೊಳಗೆ ಇಟ್ಟ. ಒಂದು ಕೈಯಲ್ಲಿ ಅವಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ. ಕೆಳಗೆ ಅಂಗಡಿಯ ಯಂತ್ರಗಳು ಓಡುತ್ತಿದ್ದವು, ಮಾತು ಕೇಳುವಂತಿರಲಿಲ್ಲ. ಅವಳು ಏನೋ ಹೇಳಿದಳು, ಹರಸಿರಬೇಕು. ಅವನು ತಲೆಯಾಡಿಸಿದ. ರಿಕ್ಷಾ ತಿರುವಿನಲ್ಲಿ ಮರೆಯಾಗುವ ತನಕ ಬಿಸಿ ಹಬೆಯಲ್ಲಿ ನಿಂತಿದ್ದು, ಆಮೇಲೆ ಬೆಕ್ಕಿಗೆ ಹಾಲು ತರಲು ರಸ್ತೆ ದಾಟಿದ.